1,846 ಮನೆಗಳಲ್ಲಿ 200 ಮನೆ: ಎಕ್ಸೆಲ್‌ನಲ್ಲಿ ಚೀಟಿ ಎತ್ತುವುದು ಹೇಗೆ?

ಪ್ರಶ್ನೆ: ನಾನು ಎಂಎಸ್‌ಡಬ್ಲ್ಯು ಎರಡನೇ ವರ್ಷದ ವಿದ್ಯಾರ್ಥಿನಿ. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ನಲ್ಲಿ ನೀರು ನಿಜಕ್ಕೂ ಮನೆ ಮನೆಗೆ ಬರುತ್ತಿದೆಯಾ ಅಂತ ಸರ್ವೆ ಮಾಡಬೇಕು. ಐದು ಊರು, ಒಟ್ಟು 1,846 ಮನೆ. 200 ಮನೆಯನ್ನು ರ್ಯಾಂಡಮ್ ಆಗಿ ಆರಿಸಿಕೊಳ್ಳಿ ಅಂತ ಗೈಡ್ ಹೇಳಿದ್ದಾರೆ. ಪಟ್ಟಿ ಎಕ್ಸೆಲ್‌ನಲ್ಲಿದೆ. ಎರಡು ಸಂಖ್ಯೆಗಳ ನಡುವೆ ಯಾವುದೋ ಒಂದನ್ನು ಎತ್ತಿಕೊಡುವ ರ್ಯಾಂಡ್‌ಬಿಟ್ವೀನ್ ಫಾರ್ಮುಲಾ ಹಾಕಿದೆ. ಕೆಲವು ನಂಬರ್ ಎರಡೆರಡು ಸಲ ಬಂದವು. ಸಾಲದ್ದಕ್ಕೆ ಏನು ಮುಟ್ಟಿದರೂ ಎಲ್ಲಾ ನಂಬರ್ ಬದಲಾಗುತ್ತಿದೆ. ನನ್ನ ಗೆಳತಿ "ಸುಮ್ನೆ ಒಂಬತ್ತು ಮನೆಗೊಂದು ಮನೆಗೆ ಹೋಗು" ಅಂತಾಳೆ. ಏನು ಮಾಡಲಿ? ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗಬಹುದಾ?

ಉತ್ತರ: ನಂಬರ್ ಬದಲಾಗುತ್ತಿದೆ ಅಂತ ನೀವು ಗಮನಿಸಿದ್ದೇ ಒಳ್ಳೆಯದಾಯಿತು. ಎಷ್ಟೋ ಜನ ಅದನ್ನು ನೋಡುವುದೇ ಇಲ್ಲ. ಬೆಳಿಗ್ಗೆ ಒಂದು ಪಟ್ಟಿ ಪ್ರಿಂಟ್ ತೆಗೆಯುತ್ತಾರೆ. ಸಂಜೆ ಫೈಲ್ ತೆರೆದರೆ ಅದರಲ್ಲಿ ಬೇರೆಯೇ 200 ಮನೆ ಕೂತಿರುತ್ತವೆ.

ಮೊದಲು ಚಿಕ್ಕ ಉತ್ತರ ಹೇಳುತ್ತೇನೆ. ಪಟ್ಟಿಯ ಕೊನೆಯಲ್ಲಿ ಒಂದು ಹೊಸ ಕಾಲಂ ಮಾಡಿ. ಪ್ರತಿ ಮನೆಯ ಮುಂದೆ ರ್ಯಾಂಡ್ ಫಾರ್ಮುಲಾದಿಂದ ಒಂದೊಂದು ನಂಬರ್ ಹಾಕಿ. ಆ ನಂಬರ್‌ಗಳು ಮತ್ತೆ ಅಲುಗಾಡದ ಹಾಗೆ ಗಟ್ಟಿ ಮಾಡಿ. ಇಡೀ ಪಟ್ಟಿಯನ್ನು ಆ ಕಾಲಂ ಪ್ರಕಾರ ಸಾರ್ಟ್ ಮಾಡಿ, ಮೇಲಿನ 200 ಸಾಲು ತೆಗೆದುಕೊಳ್ಳಿ. ಎರಡು ನಿಮಿಷದ ಕೆಲಸ. ಒಂಬತ್ತಕ್ಕೊಂದು ಮನೆ ಅನ್ನುವುದು ತಪ್ಪಲ್ಲ, ಆದರೆ ಅದಕ್ಕೊಂದು ಕ್ರಮ ಇದೆ. ಬೀಗ ಹಾಕಿದ ಮನೆಯ ಬದಲು ಪಕ್ಕದ ಮನೆಗೆ ಮಾತ್ರ ಹೋಗಬೇಡಿ.

ಇನ್ನು ಬಿಡಿಸಿ ಹೇಳುತ್ತೇನೆ. ಎಕ್ಸೆಲ್‌ನ ಆ ಎರಡು ನಿಮಿಷದಲ್ಲಿ ಸರ್ವೆ ಕೆಡುವುದು ಕಡಿಮೆ. ಅದಕ್ಕೂ ಮುಂಚೆ ಪಟ್ಟಿಯಲ್ಲೇ ಕೆಟ್ಟಿರುತ್ತದೆ, ಇಲ್ಲವೇ ಆಮೇಲೆ ಮನೆ ಬಾಗಿಲಲ್ಲಿ ಕೆಡುತ್ತದೆ.

ನಮ್ಮ ಮಾತಿನಲ್ಲಿ "ರ್ಯಾಂಡಮ್ ಆಗಿ" ಅಂದರೆ "ಹೇಗೋ ಒಂದು, ಕೈಗೆ ಸಿಕ್ಕಿದ್ದು" ಅಂತ ಆಗಿಬಿಟ್ಟಿದೆ. ಪಠ್ಯಪುಸ್ತಕದಲ್ಲಿ ಯಾದೃಚ್ಛಿಕ ಅಂತ ಬರೆಯುತ್ತಾರೆ. ನನಗೆ ಸರಿ ಅನಿಸುವ ಮಾತು ಚೀಟಿ ಎತ್ತುವುದು. 1,846 ಮನೆಗೂ ಒಂದೊಂದು ಚೀಟಿ ಬರೆದು, ಎಲ್ಲವನ್ನೂ ಒಂದೇ ಥರ ಮಡಚಿ, ಡಬ್ಬಕ್ಕೆ ಹಾಕಿ ಚೆನ್ನಾಗಿ ಕಲಸಿ, ಚಿಕ್ಕ ಮಗುವಿನ ಕೈಯಲ್ಲಿ 200 ಚೀಟಿ ಎತ್ತಿಸಿದ ಹಾಗೆ. ಆಗ ಗೌಡರ ಮನೆಗೂ ಊರಾಚೆಯ ಗುಡಿಸಲಿಗೂ ಒಂದೇ ಅವಕಾಶ, ನೂರಕ್ಕೆ ಸುಮಾರು 11ರಷ್ಟು. ಅದೇ ನಾವು ಬೀದಿಯಲ್ಲಿ ನಿಂತು ಸುಮ್ನೆ ಆರಿಸಿದರೆ ಆರಿಸುವುದು ನಮ್ಮ ಕಾಲು. ಬಸ್‌ಸ್ಟಾಪ್ ಹತ್ತಿರದ ಮನೆ, ನಾಯಿ ಇಲ್ಲದ ಮನೆ, ಜಗಲಿ ಮೇಲೆ ಯಾರೋ ಕೂತು "ಬನ್ನಿ ಮೇಡಂ" ಅನ್ನುವ ಮನೆ. ನಿಮ್ಮ ವಿಷಯ ನೀರಾದ್ದರಿಂದ ಇದರ ಪೆಟ್ಟು ಇನ್ನೂ ಜೋರು. ಬಸ್‌ಸ್ಟಾಪ್, ಪಂಚಾಯಿತಿ ಆಫೀಸು, ಓವರ್‌ಹೆಡ್ ಟ್ಯಾಂಕು ಸಾಮಾನ್ಯವಾಗಿ ಊರಿನ ಒಂದೇ ಕಡೆ ಇರುತ್ತವೆ. ಅಲ್ಲಿನ ನಲ್ಲಿಗಳಲ್ಲಿ ನೀರು ರಭಸವಾಗಿ ಬರುತ್ತದೆ.

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು ಅಂತೀವಲ್ಲ, ಅದು ಅನ್ನಕ್ಕೆ ಸರಿ. ಪಾತ್ರೆಯ ತುಂಬ ಒಂದೇ ಬೆಂಕಿ, ಒಂದೇ ನೀರು. ಊರಿನ ಪೈಪ್‌ಲೈನ್ ಹಾಗಲ್ಲ. ತಲೆಯ ಕಡೆ ಬಕೆಟ್ ತುಂಬಿ ಹರಿಯುತ್ತಿರುವಾಗ ತುದಿ ಮನೆಯಲ್ಲಿ ನಲ್ಲಿ ಬರೀ ಗಾಳಿ ಬಿಡುತ್ತಿರುತ್ತದೆ. ಇದನ್ನು ಹುಳಿಯ ಪಾತ್ರೆ ಅಂತ ಇಟ್ಟುಕೊಳ್ಳಿ. ತಳದವರೆಗೆ ಸೌಟು ಆಡಿಸಿ ಆಮೇಲೆ ರುಚಿ ನೋಡಬೇಕು. ರ್ಯಾಂಡ್ ಫಾರ್ಮುಲಾ ಮಾಡುವುದು ಆ ಸೌಟಿನ ಕೆಲಸ.

ಪಾತ್ರೆಯಲ್ಲಿ ಇಲ್ಲದ್ದು ಸೌಟಿಗೆ ಸಿಗುವುದಿಲ್ಲ. ಹಾಗಾಗಿ ಮೊದಲು ಪಟ್ಟಿ. ನಿಮ್ಮ 1,846 ಮನೆಯ ಪಟ್ಟಿ ಎಲ್ಲಿಂದ ಬಂತು ಅಂತ ನೀವು ಬರೆದಿಲ್ಲ. ದಯವಿಟ್ಟು ಇವತ್ತೇ ಅದನ್ನು ಕೇಳಿ ತಿಳಿದುಕೊಳ್ಳಿ. ಬಿಲ್ ಕಲೆಕ್ಟರ್ ಕೊಟ್ಟ ನೀರಿನ ತೆರಿಗೆ ಪಟ್ಟಿಯಾಗಿದ್ದರೆ ನಿಮ್ಮ ಸರ್ವೆಗೆ ಅದರಷ್ಟು ಕೆಟ್ಟ ಪಟ್ಟಿ ಇನ್ನೊಂದಿಲ್ಲ. ಸಂಪರ್ಕ ಇರುವ ಮನೆಯ ಹೆಸರು ಮಾತ್ರ ಅದರಲ್ಲಿರುತ್ತದೆ. ನಲ್ಲಿಯೇ ಇಲ್ಲದ ಮನೆಗೆ ಚೀಟಿಯೇ ಇಲ್ಲ. ಎಷ್ಟು ಚೆನ್ನಾಗಿ ಕಲಸಿದರೂ "ಎಲ್ಲಾ ಮನೆಗೂ ನಲ್ಲಿ ಇದೆ" ಅಂತಲೇ ಉತ್ತರ ಬರುತ್ತದೆ.

ಬೇರೆ ಪಟ್ಟಿಗಳಲ್ಲೂ ಒಂದೊಂದು ತೂತು ಇದೆ. ಇ-ಸ್ವತ್ತಿನ ಪಟ್ಟಿ ಆಸ್ತಿಗಳ ಪಟ್ಟಿ. ಅದರಲ್ಲಿ ಖಾಲಿ ಸೈಟು, ಯಾರೂ ವಾಸ ಇಲ್ಲದ ಹಳೇ ಮನೆ ಬಂದಿರುತ್ತವೆ. ಇನ್ನೊಂದು ಕಡೆ, ಅಣ್ಣ ತಮ್ಮ ಬೇರೆಯಾಗಿ ಎರಡು ಒಲೆ ಹೂಡಿದ್ದರೂ ಖಾತೆ ಒಂದೇ ಇರುತ್ತದೆ. ಜನಗಣತಿಯಲ್ಲಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬ ಅಂತ ಲೆಕ್ಕ ಹಾಕುತ್ತಾರೆ. ನೀವೂ ಅದನ್ನೇ ಇಟ್ಟುಕೊಳ್ಳಿ. ಒಲೆ ಎಷ್ಟೋ ಅಷ್ಟು ಮನೆ. ರೇಷನ್ ಕಾರ್ಡ್ ಪಟ್ಟಿಯಲ್ಲಿ ಕಾರ್ಡ್ ಇಲ್ಲದವರು ಬಿಟ್ಟುಹೋಗುತ್ತಾರೆ. ಮತದಾರರ ಪಟ್ಟಿ ಸುಲಭವಾಗಿ ಸಿಗುತ್ತದೆ, ಆದರೆ ಅದು 18 ತುಂಬಿದ ಜನರ ಪಟ್ಟಿ. ಆರು ವೋಟಿರುವ ಮನೆಗೆ ಆರು ಚೀಟಿ, ಒಂಟಿ ಅಜ್ಜಿಯ ಮನೆಗೆ ಒಂದೇ ಚೀಟಿ. ಮದುವೆಯಾಗಿ ಹೋದ ಮಗಳ ಹೆಸರೂ ಕೆಲವು ಸಲ ಅದರಲ್ಲೇ ಇರುತ್ತದೆ.

ಇದಕ್ಕೆ ದಾರಿ ಒಂದೇ. ಯಾವುದೋ ಒಂದು ಪಟ್ಟಿ ಹಿಡಿದು ಊರು ಸುತ್ತಿ ಸರಿಪಡಿಸಿಕೊಳ್ಳುವುದು. ನಿಮ್ಮ ಕೆಲಸಕ್ಕೆ ಊರಿಗೆ ನೀರು ಬಿಡುವ ನೀರುಗಂಟಿಗಿಂತ ಒಳ್ಳೆಯ ಜೊತೆ ಸಿಗುವುದಿಲ್ಲ. ಯಾವ ಕೇರಿಗೆ ಯಾವ ವಾಲ್ವ್, ಯಾವ ಮನೆಗೆ ಸಂಪರ್ಕ ಇಲ್ಲ ಅನ್ನುವುದು ಅವರಿಗೆ ಬಾಯಿಪಾಠ. ಆಶಾ ಕಾರ್ಯಕರ್ತೆಗೂ ಅಂಗನವಾಡಿ ಟೀಚರ್‌ಗೂ ಒಮ್ಮೆ ಪಟ್ಟಿ ತೋರಿಸಿ. "ಇವರು ಬೆಂಗಳೂರಿಗೆ ಹೋಗಿ ಮೂರು ವರ್ಷ ಆಯ್ತು", "ಹೊಲದ ಮನೆಯವರನ್ನು ಬಿಟ್ಟಿದ್ದೀರಲ್ಲಾ" ಅಂತ ಅವರು ಹೇಳುವ ಒಂದೊಂದು ಮಾತೂ ನಿಮ್ಮ ಸರ್ವೆಯ ಬೆಲೆ ಹೆಚ್ಚಿಸುತ್ತದೆ. ಇದು ವಿದ್ಯಾರ್ಥಿಗಳಿಗೆ ಮಾತ್ರ ಹೇಳುವ ಮಾತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಆರಿಸಿದ ಪ್ರತಿ ಊರಿನಲ್ಲಿ ಮೊದಲು ಮನೆಗಳ ನಕ್ಷೆ ಬರೆದು ಪಟ್ಟಿ ಮಾಡುತ್ತಾರೆ. 2019-21ರ ಸುತ್ತಿನಲ್ಲಿ ಹಾಗೆ ಪಟ್ಟಿ ಮಾಡಿದ ಮೇಲೆಯೇ ಒಂದೊಂದು ಜಾಗಕ್ಕೆ 22 ಮನೆ ಆರಿಸಿದರು.

ಪಟ್ಟಿ ಸರಿಯಾಯಿತು ಅಂದುಕೊಳ್ಳಿ. ಈಗ ಎಕ್ಸೆಲ್ ಫೈಲನ್ನು ಸ್ವಚ್ಛ ಮಾಡಬೇಕು. ಪಂಚಾಯಿತಿಯಿಂದ ಬರುವ ಫೈಲುಗಳಲ್ಲಿ ನಾನು ಮತ್ತೆ ಮತ್ತೆ ನೋಡಿದ ತೊಂದರೆ ಮೂರು. ಒಂದು, ಅರ್ಧ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿ, ಇನ್ನರ್ಧ ಯೂನಿಕೋಡ್‌ನಲ್ಲಿ ಟೈಪ್ ಆಗಿರುತ್ತದೆ. ಕಣ್ಣಿಗೆ ಎರಡೂ ಕನ್ನಡವೇ. ಕಂಪ್ಯೂಟರ್‌ಗೆ ಮಾತ್ರ ಒಂದೇ ಊರಿನ ಹೆಸರು ಎರಡು ಬೇರೆ ಊರು. ಕನ್ವರ್ಟರ್ ಹಾಕಿ ಎಲ್ಲವನ್ನೂ ಯೂನಿಕೋಡ್‌ಗೆ ತನ್ನಿ. ಇಲ್ಲವೇ ಊರಿಗೆ 1ರಿಂದ 5ರವರೆಗೆ ನಂಬರ್ ಕೊಟ್ಟುಬಿಡಿ, ಅದೇ ಸುಲಭ. ಎರಡು, ಚಂದ ಕಾಣಲಿ ಅಂತ ಊರಿನ ಹೆಸರಿನ ಸೆಲ್‌ಗಳನ್ನು ಮರ್ಜ್ ಮಾಡಿರುತ್ತಾರೆ, ಪ್ರತಿ ಊರು ಮುಗಿದ ಮೇಲೆ "ಒಟ್ಟು" ಅಂತ ಒಂದು ಸಾಲು, ಆಮೇಲೆ ಒಂದು ಖಾಲಿ ಸಾಲು ಬಿಟ್ಟಿರುತ್ತಾರೆ. ಇವೆಲ್ಲ ತೆಗೆಯಬೇಕು. ಒಂದು ಸಾಲು ಅಂದರೆ ಒಂದು ಮನೆ, ಅಷ್ಟೇ. ಮೂರು, ಒಂದೇ ಮನೆ ಎರಡು ಸಲ ಬಂದಿರುತ್ತದೆ, ಒಮ್ಮೆ ಗಂಡನ ಹೆಸರಲ್ಲಿ, ಒಮ್ಮೆ ಹೆಂಡತಿಯ ಹೆಸರಲ್ಲಿ. ಹಾಗಂತ ರಿಮೂವ್ ಡೂಪ್ಲಿಕೇಟ್ಸ್ ಒತ್ತಿ ಕೈತೊಳೆದುಕೊಳ್ಳಬೇಡಿ. ಒಂದೇ ಊರಿನಲ್ಲಿ ನಾಲ್ಕು ಮಂಜುನಾಥ ಇರುತ್ತಾರೆ, ನಾಲ್ಕೂ ಬೇರೆ ಮನೆ. ತಂದೆಯ ಹೆಸರು, ಕೇರಿ ನೋಡಿ ಕೈಯಾರೆ ತೀರ್ಮಾನಿಸಿ. ಕೊನೆಯಲ್ಲಿ ಮೊದಲ ಕಾಲಂನಲ್ಲಿ 1ರಿಂದ 1,846ರವರೆಗೆ ಕ್ರಮಸಂಖ್ಯೆ ಹಾಕಿ. ಇದು ಫಾರ್ಮುಲಾ ಆಗಿರಬಾರದು, ಬರೀ ನಂಬರ್ ಆಗಿರಬೇಕು. ಆಮೇಲೆ ಪಟ್ಟಿ ಎಷ್ಟೇ ಕಲಸಿಹೋದರೂ ಮೂಲ ಕ್ರಮಕ್ಕೆ ವಾಪಸ್ ತರೋಕೆ ಇದೇ ದಾರಿ.

ಈಗ ಚೀಟಿ. ನಿಮ್ಮ ಪಟ್ಟಿಯಲ್ಲಿ ಕ್ರಮಸಂಖ್ಯೆ, ಊರು, ಯಜಮಾನರ ಹೆಸರು, ಮನೆಯ ಗುರುತು ಅಂತ ನಾಲ್ಕು ಕಾಲಂ ಇದೆ ಅಂದುಕೊಳ್ಳೋಣ. ಐದನೆಯದಕ್ಕೆ "ಚೀಟಿ" ಅಂತ ತಲೆಬರಹ ಕೊಡಿ. ಅದರ ಎರಡನೇ ಸಾಲಿನಲ್ಲಿ ಸಮ ಚಿಹ್ನೆ ಹಾಕಿ, ಇಂಗ್ಲಿಷ್ ಅಕ್ಷರದಲ್ಲಿ ರ್ಯಾಂಡ್ (RAND) ಅಂತ ಟೈಪ್ ಮಾಡಿ, ಬ್ರಾಕೆಟ್ ತೆರೆದು ಮುಚ್ಚಿ, ಎಂಟರ್ ಒತ್ತಿ. ಬ್ರಾಕೆಟ್ ಒಳಗೆ ಏನೂ ಬೇಡ. 0 ಮತ್ತು 1ರ ನಡುವಿನ ಒಂದು ಉದ್ದನೆಯ ದಶಾಂಶ ಸಂಖ್ಯೆ ಬರುತ್ತದೆ. ಆ ಸೆಲ್‌ನ ಬಲ ಕೆಳ ಮೂಲೆಯಲ್ಲಿರುವ ಚಿಕ್ಕ ಚೌಕದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಕೆಳಗಿನವರೆಗೂ ತುಂಬುತ್ತದೆ. ಪಕ್ಕದ ಕಾಲಂನಲ್ಲಿ ಖಾಲಿ ಸೆಲ್ ಇದ್ದರೆ ಅದು ಅಲ್ಲೇ ನಿಂತುಬಿಡಬಹುದು. ಹಾಗಾಗಿ 1,847ನೇ ಸಾಲಿನವರೆಗೂ ಬಂದಿದೆಯಾ ಅಂತ ಒಮ್ಮೆ ಕೆಳಗಿಳಿದು ನೋಡಿ.

ನಂಬರ್ ಬದಲಾಗುವುದು ಈ ಫಾರ್ಮುಲಾದ ಸ್ವಭಾವ. ಶೀಟಿನಲ್ಲಿ ಎಲ್ಲೇ ಏನೇ ಟೈಪ್ ಮಾಡಿದರೂ ಎಕ್ಸೆಲ್ ಮತ್ತೆ ಲೆಕ್ಕ ಹಾಕುತ್ತದೆ, ರ್ಯಾಂಡ್ ಪ್ರತಿ ಸಲ ಹೊಸ ಸಂಖ್ಯೆ ಕೊಡುತ್ತದೆ. ಡಬ್ಬವನ್ನು ಯಾರೋ ಇನ್ನೂ ಕುಲುಕುತ್ತಲೇ ಇದ್ದಾರೆ ಅಂದುಕೊಳ್ಳಿ. ಕುಲುಕುವುದನ್ನು ನಿಲ್ಲಿಸಬೇಕು. ಚೀಟಿ ಕಾಲಂ ಪೂರ್ತಿ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ಅದೇ ಜಾಗದಲ್ಲಿ ಪೇಸ್ಟ್ ಸ್ಪೆಷಲ್‌ಗೆ ಹೋಗಿ ವ್ಯಾಲ್ಯೂಸ್ ಆರಿಸಿ. ಈಗ ಆ ಸೆಲ್‌ಗಳಲ್ಲಿ ಫಾರ್ಮುಲಾ ಇಲ್ಲ, ನಂಬರ್ ಮಾತ್ರ ಉಳಿದಿದೆ. ಇನ್ನು ಫೈಲನ್ನು ಹತ್ತು ಸಲ ಮುಚ್ಚಿ ತೆರೆದರೂ ಬದಲಾಗುವುದಿಲ್ಲ.

ಆಮೇಲೆ ಸಾರ್ಟ್. ಇಲ್ಲಿ ಒಂದು ಘಟನೆ ಹೇಳಲೇಬೇಕು. ಹಲವು ವರ್ಷದ ಹಿಂದೆ ಶೌಚಾಲಯದ ಬಗ್ಗೆ ಒಂದು ಸರ್ವೆಯಲ್ಲಿ ಚೀಟಿ ಎತ್ತುವ ಕೆಲಸ ನನ್ನದಾಗಿತ್ತು. ಚೀಟಿ ಕಾಲಂ ಮಾತ್ರ ಸೆಲೆಕ್ಟ್ ಮಾಡಿ ಸಾರ್ಟ್ ಒತ್ತಿದೆ. ಪರದೆ ಮೇಲೆ ಒಂದು ಚೌಕ ಬಂತು: ಪಕ್ಕದ ಕಾಲಂಗಳನ್ನೂ ಸೇರಿಸಲಾ, ಇಷ್ಟನ್ನೇ ಮಾಡಲಾ? ಅವಸರದಲ್ಲಿ ಎರಡನೆಯದನ್ನು ಒತ್ತಿದೆ. ನಂಬರ್‌ಗಳು ಚಿಕ್ಕದರಿಂದ ದೊಡ್ಡದಕ್ಕೆ ಅಂದವಾಗಿ ಕೂತವು. ಮನೆಗಳು ಕೂತಲ್ಲಿಂದ ಕದಲಲಿಲ್ಲ. ಮೇಲಿನ ಸಾಲುಗಳನ್ನು ಕತ್ತರಿಸಿ ಪ್ರಿಂಟ್ ಕೊಟ್ಟೆ. ಎರಡು ದಿನ ನಮ್ಮ ಹುಡುಗರು ಚೆನ್ನಾಗಿ ಕೆಲಸ ಮಾಡಿದರು. ಮೂರನೇ ದಿನ ಬೆಳಿಗ್ಗೆ ಟೀ ಕುಡಿಯುವಾಗ ಅವರಲ್ಲೊಬ್ಬ ಪಟ್ಟಿ ತಿರುವಿಹಾಕುತ್ತಾ "ಸರ್, ಕೆಳಗಿನ ಊರಿಗೆ ಯಾವಾಗ ಹೋಗೋದು?" ಅಂದ. ಪಟ್ಟಿ ಇಸಿದುಕೊಂಡು ನೋಡಿದೆ. ಕ್ರಮಸಂಖ್ಯೆ 1, 2, 3, 4 ಅಂತ ಸಾಲಾಗಿ ನಿಂತಿದ್ದವು. ಪಟ್ಟಿಯ ಮೊದಲ ಊರಿನ ಮನೆಗಳೇ ಎಲ್ಲಾ, ಪಂಚಾಯಿತಿ ಆಫೀಸಿನ ಸುತ್ತಮುತ್ತಲಿನವು. ಆ ಹುಡುಗ ಕೇಳದೆ ಇದ್ದಿದ್ದರೆ ಅದೇ ವರದಿಯಾಗಿ ಹೋಗುತ್ತಿತ್ತು.

ಹಾಗಾಗಿ ಇಡೀ ಪಟ್ಟಿಯ ಎಲ್ಲಾ ಕಾಲಂ ಸೆಲೆಕ್ಟ್ ಮಾಡಿ, ಡೇಟಾ ಮೆನುವಿನ ಸಾರ್ಟ್‌ಗೆ ಹೋಗಿ, ತಲೆಬರಹ ಇದೆ ಅನ್ನುವ ಗುರುತು ಹಾಕಿ, ಚೀಟಿ ಕಾಲಂ ಪ್ರಕಾರ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಕೂಡಲೇ ಮೊದಲ ಕಾಲಂ ನೋಡಿ. ಕ್ರಮಸಂಖ್ಯೆಗಳು 1,204, 37, 866, 1,790 ಅಂತ ಚೆಲ್ಲಾಪಿಲ್ಲಿ ಆಗಿದ್ದರೆ ಸರಿಯಾಗಿದೆ. ಸಾಲಾಗಿ ನಿಂತಿದ್ದರೆ ಅನ್‌ಡೂ (Undo) ಒತ್ತಿ ಹಿಂದಕ್ಕೆ ಬನ್ನಿ.

ರ್ಯಾಂಡ್‌ಬಿಟ್ವೀನ್‌ನಲ್ಲಿ ನಂಬರ್ ಯಾಕೆ ಎರಡೆರಡು ಸಲ ಬಂತು ಅಂದರೆ, ಅದು ಎತ್ತಿದ ಚೀಟಿಯನ್ನು ಮತ್ತೆ ಡಬ್ಬಕ್ಕೆ ಹಾಕಿಬಿಡುತ್ತದೆ. 1ರಿಂದ 1,846ರ ನಡುವೆ 200 ಸಲ ಎತ್ತಿದರೆ ಸರಾಸರಿ 190 ಬೇರೆ ಬೇರೆ ಮನೆ ಸಿಗುತ್ತವೆ. ಸುಮಾರು ಹತ್ತು ಸಲ ಹಳೇ ನಂಬರೇ ಮತ್ತೆ ಬಂದಿರುತ್ತದೆ. ಎಕ್ಸೆಲ್‌ನ ಡೇಟಾ ಅನಾಲಿಸಿಸ್ ಟೂಲ್‌ಪ್ಯಾಕ್‌ನಲ್ಲಿ ಸ್ಯಾಂಪ್ಲಿಂಗ್ ಅಂತಲೇ ಒಂದು ಸೌಲಭ್ಯ ಇದೆ. ಹೆಸರು ನೋಡಿ ಅದಕ್ಕೇ ಹೋಗಬೇಡಿ, ಅದೂ ಹಾಗೆಯೇ ಚೀಟಿ ವಾಪಸ್ ಹಾಕಿ ಎತ್ತುತ್ತದೆ. ಪ್ರತಿ ಮನೆಗೂ ನಂಬರ್ ಕೊಟ್ಟು ಸಾರ್ಟ್ ಮಾಡುವ ದಾರಿಯಲ್ಲಿ ಈ ತಾಪತ್ರಯ ಇಲ್ಲ. ಒಂದು ಮನೆ ಒಂದೇ ಸಾಲಿನಲ್ಲಿದೆ, ಎರಡು ಸಲ ಬರೋಕೆ ಸಾಧ್ಯವೇ ಇಲ್ಲ. ಗೂಗಲ್ ಶೀಟ್ಸ್‌ನಲ್ಲೂ ಇದೇ ಕ್ರಮ ನಡೆಯುತ್ತದೆ. ಅಲ್ಲಿ ಡೇಟಾ ಮೆನುವಿನಲ್ಲಿ ಸಾಲುಗಳನ್ನು ನೇರವಾಗಿ ಕಲಸುವ ರ್ಯಾಂಡಮೈಸ್ ರೇಂಜ್ ಕೂಡ ಇದೆ. ಆದರೂ ಚೀಟಿ ಕಾಲಂ ಇರುವ ದಾರಿಯೇ ನನಗೆ ಇಷ್ಟ. ಹೇಗೆ ಎತ್ತಿದಿರಿ ಅನ್ನುವುದಕ್ಕೆ ಫೈಲಿನಲ್ಲಿ ಸಾಕ್ಷಿ ಉಳಿಯುತ್ತದೆ.

ಕಂಪ್ಯೂಟರ್ ಬರುವ ಮುಂಚೆ ಇದಕ್ಕೆಂದೇ ಅಂಕಿಗಳ ಪುಸ್ತಕಗಳಿದ್ದವು. 1927ರಲ್ಲಿ ಟಿಪೆಟ್ ಅನ್ನುವ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞರು ಜನಗಣತಿ ವರದಿಗಳಿಂದ ಅಂಕಿಗಳನ್ನು ಆರಿಸಿ 41,600 ಅಂಕಿಗಳ ಕೋಷ್ಟಕ ಅಚ್ಚು ಹಾಕಿಸಿದರು. ಸಂಖ್ಯಾಶಾಸ್ತ್ರದ ಪಠ್ಯಪುಸ್ತಕಗಳ ಕೊನೆಯಲ್ಲಿ ಅಂಥ ಕೋಷ್ಟಕಗಳು ಈಗಲೂ ಇರುತ್ತವೆ. ಅಷ್ಟು ಕಷ್ಟಪಟ್ಟದ್ದು ಮನುಷ್ಯರ ಮನಸ್ಸನ್ನು ಆಯ್ಕೆಯಿಂದ ದೂರ ಇಡೋಕೆ. ಅದಕ್ಕೇ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಚೀಟಿ ಒಂದೇ ಸಲ ಎತ್ತಬೇಕು. ಬಂದ ಪಟ್ಟಿ ನೋಡಿ "ಹೊಲದ ಮನೆಗಳು ಜಾಸ್ತಿ ಬಂದವು, ಮತ್ತೊಮ್ಮೆ ಎಳೆಯೋಣ" ಅಂದ ಕ್ಷಣ ಆರಿಸುತ್ತಿರುವವರು ನೀವೇ ಆಗುತ್ತೀರಿ. ಗೈಡ್ ಎದುರಿಗೇ ಕೂತು ಎತ್ತಿದರೆ ಇನ್ನೂ ಒಳ್ಳೆಯದು.

"ಹಾಗಾದರೆ ಚಿಕ್ಕ ಊರಿಗೆ ಒಂದೂ ಚೀಟಿ ಬರದೆ ಹೋದರೆ?" ಅಂತ ನೀವು ಕೇಳಬಹುದು. ಆ ಭಯ ಇದ್ದರೆ ಚೀಟಿ ಎತ್ತುವ ಮುಂಚೆಯೇ ಊರಿಗೊಂದು ಡಬ್ಬ ಮಾಡಿ. ನಿಮ್ಮ ಐದು ಊರಿನ ಮನೆಗಳು 742, 518, 311, 183, 92 ಅಂತ ಇಟ್ಟುಕೊಳ್ಳೋಣ. ನಿಮ್ಮ ನಿಜ ಲೆಕ್ಕ ಬೇರೆ ಇರುತ್ತದೆ, ವಿಧಾನ ಇದೇ. ಪ್ರತಿ ಊರಿನ ಮನೆಗಳನ್ನು 200ರಿಂದ ಗುಣಿಸಿ 1,846ರಿಂದ ಭಾಗಿಸಿದರೆ 80, 56, 34, 20, 10 ಬರುತ್ತದೆ. ಕೂಡಿದರೆ ಸರಿಯಾಗಿ 200. ಎಕ್ಸೆಲ್‌ನಲ್ಲಿ ಮಾಡಬೇಕಾದ್ದು ಸ್ವಲ್ಪವೇ ಬದಲು. ಸಾರ್ಟ್ ಮಾಡುವಾಗ ಎರಡು ಹಂತ ಕೊಡಿ, ಮೊದಲು ಊರು, ಆಮೇಲೆ ಚೀಟಿ. ಈಗ ಊರುಗಳು ಬೇರೆ ಬೇರೆ ನಿಲ್ಲುತ್ತವೆ, ಪ್ರತಿ ಊರಿನ ಒಳಗೆ ಮನೆಗಳು ಕಲಸಿರುತ್ತವೆ. ಮೊದಲ ಊರಿನ ಮೇಲಿನ 80 ಸಾಲು, ಎರಡನೆಯದರ 56, ಹೀಗೆ ತೆಗೆದುಕೊಳ್ಳಿ. ನಿಮ್ಮ ಸರ್ವೆಗೆ ನಾನು ಹೇಳುವುದು ಇದನ್ನೇ. ನೀರಿನ ಸ್ಥಿತಿ ಊರಿಂದ ಊರಿಗೆ ಬೇರೆ. ಒಂದು ಊರಿನ ಬೋರ್‌ವೆಲ್ ಬತ್ತಿದರೆ ಇಡೀ ಊರಿಗೇ ನೀರಿಲ್ಲ.

ಆ 92 ಮನೆಯ ಊರು ಒಂದು ತಾಂಡಾನೋ ಹಟ್ಟಿಯೋ ಆಗಿದ್ದು, ಅದರ ಬಗ್ಗೆ ಪ್ರತ್ಯೇಕವಾಗಿ ಬರೆಯಬೇಕು ಅಂತಿದ್ದರೆ ಹತ್ತು ಮನೆ ಸಾಲದು. ಹತ್ತರಲ್ಲಿ ನಾಲ್ಕು ಮನೆಗೆ ನೀರಿಲ್ಲ ಅಂತ ಬಂದರೆ ಅದರಿಂದ ಏನೂ ಗಟ್ಟಿಯಾಗಿ ಹೇಳೋಕೆ ಆಗುವುದಿಲ್ಲ. ಅಲ್ಲಿ 30 ಮನೆ ತೆಗೆದುಕೊಳ್ಳಿ, ಒಟ್ಟು 220 ಆಗಲಿ. ಆದರೆ ಇಡೀ ಪಂಚಾಯಿತಿಯ ಲೆಕ್ಕ ಹೇಳುವಾಗ ತೂಕ ಹಾಕಲೇಬೇಕು, ಅಂದರೆ ಪ್ರತಿ ಊರಿನ ಉತ್ತರವನ್ನು ಆ ಊರಿನ ಒಟ್ಟು ಮನೆಗಳಿಗೆ ತಕ್ಕಂತೆ ಸೇರಿಸಬೇಕು. ಆ ಊರಿನ ಒಂದು ಮನೆ ಸುಮಾರು 3 ಮನೆಗಳ ಪರವಾಗಿ ಮಾತಾಡುತ್ತಿದೆ, ಉಳಿದ ಊರುಗಳಲ್ಲಿ ಒಂದು ಮನೆ ಸುಮಾರು 9 ಮನೆಗಳ ಪರವಾಗಿ. ತೂಕ ಹಾಕದೆ ಸುಮ್ನೆ ಕೂಡಿದರೆ ಚಿಕ್ಕ ಊರಿನ ದನಿ ಮೂರು ಪಟ್ಟು ಜೋರಾಗಿ ಕೇಳಿಸುತ್ತದೆ.

ಗೆಳತಿಯ ಒಂಬತ್ತಕ್ಕೊಂದು ಮನೆಗೆ ಬರೋಣ. ಪಟ್ಟಿಯ ಮೇಲೆ ಮಾಡಿದರೆ ಇದು ಒಳ್ಳೆಯ ವಿಧಾನವೇ. 1ರಿಂದ 9ರ ಒಳಗೆ ಒಂದು ಚೀಟಿ ಎತ್ತಿ. 4 ಬಂತು ಅಂದರೆ 4, 13, 22, 31 ಅಂತ ಪಟ್ಟಿಯ ಕೊನೆಯವರೆಗೂ ಹೋಗಿ. 205 ಅಥವಾ 206 ಮನೆ ಸಿಗುತ್ತವೆ. ಪಟ್ಟಿ ಕೇರಿಯ ಪ್ರಕಾರ ಇದ್ದರೆ ಎಲ್ಲಾ ಕೇರಿಗೂ ತಾನಾಗಿಯೇ ಹಂಚಿಕೆಯಾಗುತ್ತದೆ. ತಪ್ಪಾಗುವುದು ಮೂರು ಕಡೆ. ಪಟ್ಟಿ ಬಿಟ್ಟು ಬೀದಿಯಲ್ಲಿ, ಅದೂ ಬಸ್‌ಸ್ಟಾಪಿನಿಂದ ಎಣಿಸೋಕೆ ಶುರು ಮಾಡುವುದು. 200 ಆಯಿತು ಅಂತ ನಿಲ್ಲಿಸಿಬಿಡುವುದು, ಆಗ ಪಟ್ಟಿಯ ಕೊನೆಯ ಮನೆಗಳಿಗೆ ಅವಕಾಶವೇ ಇಲ್ಲ. ಮೂರನೆಯದು ಕಣ್ಣಿಗೆ ಬೀಳುವುದಿಲ್ಲ. ಆಶ್ರಯ ಕಾಲೋನಿಗಳಲ್ಲಿ ಮನೆಗಳು ಅಚ್ಚುಕಟ್ಟಾಗಿ ಸಾಲಾಗಿರುತ್ತವೆ. ಒಂದು ಸಾಲಿಗೆ ಒಂಬತ್ತೇ ಮನೆ ಇದ್ದರೆ ನಿಮ್ಮ ಎಣಿಕೆ ಪ್ರತಿ ಸಾಲಿನಲ್ಲೂ ಅದೇ ಜಾಗದ ಮನೆಗೆ ಬಂದು ನಿಲ್ಲುತ್ತದೆ. ಅದು ಪೈಪಿನ ತುದಿ ಮನೆಯಾಗಿದ್ದರೆ ಕಾಲೋನಿಯಲ್ಲಿ ಯಾರಿಗೂ ನೀರಿಲ್ಲ ಅಂತ ಬರೆಯುತ್ತೀರಿ, ತಲೆಯ ಮನೆಯಾಗಿದ್ದರೆ ಎಲ್ಲರಿಗೂ ಇದೆ ಅಂತ.

200 ಸಾಕಾ? ಇಡೀ ಪಂಚಾಯಿತಿಯ ಬಗ್ಗೆ ಒಂದು ಮಾತು ಹೇಳೋಕೆ ಸಾಕು. ನೂರಕ್ಕೆ 50 ಮನೆಗೆ ದಿನವೂ ನೀರು ಬರುತ್ತದೆ ಅಂತ ಲೆಕ್ಕ ಬಂದರೆ, ನಿಜ ಸಂಗತಿ 43 ಮತ್ತು 57ರ ನಡುವೆ ಎಲ್ಲೋ ಇದೆ ಅಂತ ಶೇ 95ರ ಭರವಸೆಯಿಂದ ಹೇಳಬಹುದು. ಆ ಅಂತರವನ್ನು ಆಚೆಗೆ ಐದು, ಈಚೆಗೆ ಐದಕ್ಕೆ ಇಳಿಸಬೇಕು ಅಂದರೆ ನಿಮ್ಮ 1,846 ಮನೆಗೆ ಸುಮಾರು 318 ಬೇಕು. ಇಂಟರ್‌ನೆಟ್‌ನಲ್ಲಿ ಎಲ್ಲರೂ ಹೇಳುವ 384 ತುಂಬಾ ದೊಡ್ಡ ಜನಸಂಖ್ಯೆಯ ಲೆಕ್ಕ. ಪರೀಕ್ಷೆಯಲ್ಲಿ "ಎಲ್ಲಾ ಮನೆಗೂ ಯಾಕೆ ಹೋಗಲಿಲ್ಲ?" ಅಂತ ಯಾರಾದರೂ ಕೇಳಿದರೆ ನಮ್ಮ ದೇಶದ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಹೆಸರು ಹೇಳಿ. ಬಂಗಾಳದಲ್ಲಿ ಸೆಣಬು ಎಷ್ಟು ಎಕರೆಯಲ್ಲಿ ಬೆಳೆದಿದೆ ಅಂತ 1930ರ ದಶಕದ ಕೊನೆಯಿಂದ ಅವರು ಮಾಡಿದ ಮಾದರಿ ಸಮೀಕ್ಷೆಗಳು ಇದೇ ಪ್ರಶ್ನೆಗೆ ಉತ್ತರವಾಗಿದ್ದವು. ಸರಿಯಾಗಿ ಆರಿಸಿದ ಸ್ವಲ್ಪವನ್ನು ಜೋಪಾನವಾಗಿ ಅಳೆಯಬಹುದು. ಎಲ್ಲವನ್ನೂ ಅವಸರದಲ್ಲಿ ಅಳೆದರೆ ತಪ್ಪೂ ಅಷ್ಟೇ ದೊಡ್ಡದಾಗುತ್ತದೆ. ಅದೇ ಅನುಭವದ ಮೇಲೆ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು.

ಈಗ ಬೀಗದ ಪ್ರಶ್ನೆ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ್ದು ಇದೇ. ಹಗಲು ಹನ್ನೊಂದು ಗಂಟೆಗೆ ಬೀಗ ಇರುವ ಮನೆ ಯಾರದು? ಗಂಡ ಹೆಂಡತಿ ಇಬ್ಬರೂ ಕೂಲಿಗೋ ನರೇಗಾ ಕೆಲಸಕ್ಕೋ ಹೋದವರದು. ಪಕ್ಕದ ಮನೆಯಲ್ಲಿ ಯಾರೋ ಇದ್ದಾರೆ ಅಂದರೆ ಅದು ಹಗಲು ಮನೆಯಲ್ಲಿ ಇರೋಕೆ ಆಗುವವರ ಮನೆ. ನೀರು ಬಿಡುವುದು ಹತ್ತು ಗಂಟೆಗೆ ಅಂತಾದರೆ ಮನೆಯಲ್ಲಿದ್ದವರು ಕೊಡ ತುಂಬಿಸಿಕೊಳ್ಳುತ್ತಾರೆ, ಕೂಲಿಗೆ ಹೋದವರಿಗೆ ನಲ್ಲಿ ಇದ್ದೂ ನೀರಿಲ್ಲ. ಬೀಗದ ಮನೆ ಬಿಟ್ಟು ಪಕ್ಕದ ಮನೆಗೆ ಹೋದರೆ ನೀವು ಹುಡುಕಿಕೊಂಡು ಬಂದ ಕಷ್ಟವನ್ನೇ ಪಟ್ಟಿಯಿಂದ ಅಳಿಸಿದ ಹಾಗೆ. ಅದಕ್ಕೇ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಿ. ಒಂದು ಸಲ ಬೆಳಿಗ್ಗೆ ಏಳರ ಒಳಗೆ, ಒಂದು ಸಲ ದೀಪ ಹಚ್ಚುವ ಹೊತ್ತಿಗೆ.

ಒಮ್ಮೆ ಹೀಗೇ ಚೀಟಿಯಲ್ಲಿ ಬಂದ ಒಂದು ಹೊಲದ ಮನೆಗೆ ಹಳ್ಳ ದಾಟಿ ಎರಡು ಕಿಲೋಮೀಟರ್ ನಡೆದಿದ್ದೆ. ಎರಡು ಸಲ ಹೋದಾಗಲೂ ಬೀಗ. ಮೂರನೇ ಸಲ ಸಂಜೆ ಹೋದಾಗ ಮನೆಯಾಕೆ ಈಗಷ್ಟೇ ಕೆಲಸ ಮುಗಿಸಿ ಬಂದಿದ್ದರು. ಅಂಗಳದಲ್ಲಿ ಹೊಸ ನಲ್ಲಿ ಇತ್ತು, ಸಿಮೆಂಟಿನ ಪುಟ್ಟ ಕಂಬದ ಸಮೇತ. ಕಂಬಕ್ಕೆ ಕರು ಕಟ್ಟಿದ್ದರು. ಕರುವಿನ ಹಗ್ಗ ಉಜ್ಜಿ ಉಜ್ಜಿ ಸಿಮೆಂಟು ನುಣುಪಾಗಿತ್ತು. "ಹಾಕಿದ ದಿನ ಬಂತು ನೋಡಿ ಸರ್, ಫೋಟೋ ತಕ್ಕೊಂಡು ಹೋದ್ರು" ಅಂದರು. ಪಟ್ಟಿಯಲ್ಲಿ ಆ ಮನೆಯ ಮುಂದೆ "ಸಂಪರ್ಕ ಇದೆ" ಅಂತ ಇತ್ತು, ಅದು ಸುಳ್ಳೂ ಅಲ್ಲ. ಮೂರನೇ ಸಲ ಹೋಗದಿದ್ದರೆ ಆ ನುಣುಪು ಕಂಬ ನನ್ನ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ.

ಮೂರು ಸಲ ಹೋದರೂ ಸಿಗದವರು ಇದ್ದೇ ಇರುತ್ತಾರೆ. ಅದನ್ನು ಮೊದಲೇ ಲೆಕ್ಕ ಹಾಕಿ. ನೂರಕ್ಕೆ 15 ಮನೆ ಸಿಗಲಿಕ್ಕಿಲ್ಲ ಅನಿಸಿದರೆ 200ನ್ನು 0.85ರಿಂದ ಭಾಗಿಸಿ. 235 ಬರುತ್ತದೆ. ಶುರುವಿನಲ್ಲೇ 235 ಮನೆ ಎತ್ತಿ. ಊರುವಾರು ಅದೇ ಗುಣಾಕಾರದಲ್ಲಿ 94, 66, 40, 23, 12. ಆ 235ಕ್ಕೂ ಹೋಗಬೇಕು. ಸುಲಭವಾಗಿ ಸಿಕ್ಕ 200 ಮುಗಿದ ಕೂಡಲೇ ನಿಲ್ಲಿಸಿದರೆ ಮತ್ತೆ ಅದೇ ತಪ್ಪು. ಮೊದಲೇ ಹೇಳಿದ 30 ಮನೆಯ ಊರಿದ್ದರೆ ಅಲ್ಲಿ ಇದೇ ಪ್ರಕಾರ 35 ಎತ್ತಿ. ಸಿಗದ ಮನೆಗಳ ಕಾರಣ ಬರೆದಿಡಿ: ಬೀಗ, ಬೇಡ ಅಂದರು, ಮನೆಯೇ ಬಿದ್ದಿದೆ, ಊರು ಬಿಟ್ಟಿದ್ದಾರೆ. ಕೊನೆಯ ಎರಡು ಪಟ್ಟಿಯ ತಪ್ಪು, ಮೊದಲ ಎರಡು ಬೇರೆ ಲೆಕ್ಕ. ಅವನ್ನು ಒಟ್ಟಿಗೆ ಕಲಸಬೇಡಿ.

ಮನೆಯೊಳಗೆ ಯಾರನ್ನು ಕೇಳಬೇಕು ಅನ್ನುವುದನ್ನೂ ಹೊರಡುವ ಮುಂಚೆ ತೀರ್ಮಾನಿಸಿ. ನಿಮ್ಮದು ನೀರಿನ ವಿಷಯ, ಹಾಗಾಗಿ ಮನೆಗೆ ನೀರು ಹಿಡಿಯುವವರನ್ನೇ ಕೇಳಿ. ಯಜಮಾನರು ಎದುರು ಬಂದು "ಬರುತ್ತೆ ಬರುತ್ತೆ, ಬರಕೊಳ್ಳಿ" ಅನ್ನುತ್ತಾರೆ. ಒಳಗಿಂದ ಅವರ ಹೆಂಡತಿಯನ್ನೋ ಸೊಸೆಯನ್ನೋ ಕರೆಸಿ ಕೇಳಿದರೆ ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು, ಎಷ್ಟು ಕೊಡ ಅಂತ ಬಿಡಿಬಿಡಿಯಾಗಿ ಹೇಳುತ್ತಾರೆ. ಅಭಿಪ್ರಾಯ ಕೇಳುವ ಸರ್ವೆಯಾದರೆ ಮನೆಯ ದೊಡ್ಡವರ ಹೆಸರು ಬರೆದುಕೊಂಡು ಅಲ್ಲೂ ಒಂದು ಚೀಟಿ ಎತ್ತಬೇಕಾಗುತ್ತದೆ.

ಚೀಟಿ ಎತ್ತಿದ ಮೇಲೆ, ಆಯ್ಕೆಯಾದ ಮನೆಗಳನ್ನು ಬೇರೆ ಶೀಟಿಗೆ ಹಾಕಿ ಊರು ಮತ್ತು ಕ್ರಮಸಂಖ್ಯೆ ಪ್ರಕಾರ ಜೋಡಿಸಿ ಪ್ರಿಂಟ್ ತೆಗೆಯಿರಿ. ಒಂದು ಕೇರಿಯ ಮನೆಗಳು ಒಟ್ಟಿಗೆ ಬರುತ್ತವೆ, ಓಡಾಟ ಉಳಿಯುತ್ತದೆ. ಮೂಲ ಶೀಟನ್ನು ಮುಟ್ಟಬೇಡಿ. ಪ್ರಬಂಧದ ವಿಧಾನ ಅಧ್ಯಾಯದಲ್ಲಿ ಬರೆಯೋಕೆ ನಾಲ್ಕು ಸಾಲು ಸಾಕು. ನನ್ನ ಕೈಯಲ್ಲಾದರೆ ಹೀಗೆ ಬರೆಯುತ್ತಿದ್ದೆ: "ಪಂಚಾಯಿತಿಯ ಆಸ್ತಿ ಪಟ್ಟಿಯನ್ನು ನೀರುಗಂಟಿ ಹಾಗೂ ಆಶಾ ಕಾರ್ಯಕರ್ತೆಯರ ನೆರವಿನಿಂದ ತಿದ್ದಿ 1,846 ಮನೆಗಳ ಪಟ್ಟಿ ಮಾಡಲಾಯಿತು. ಪ್ರತಿ ಮನೆಗೂ ಎಕ್ಸೆಲ್‌ನ ರ್ಯಾಂಡ್ ಫಾರ್ಮುಲಾದಿಂದ ಒಂದು ಸಂಖ್ಯೆ ನೀಡಿ, ಊರುವಾರು ಜೋಡಿಸಿ, ಮನೆಗಳ ಪ್ರಮಾಣಕ್ಕೆ ತಕ್ಕಂತೆ 235 ಮನೆ ಆರಿಸಲಾಯಿತು. ಚೀಟಿ ಒಂದೇ ಸಲ ಎತ್ತಲಾಗಿದೆ. ಪ್ರತಿ ಮನೆಗೆ ಮೂರು ಸಲದವರೆಗೆ ಭೇಟಿ ನೀಡಲಾಯಿತು, ಸಿಗದ ಮನೆಯ ಬದಲು ಬೇರೆ ಮನೆ ತೆಗೆದುಕೊಂಡಿಲ್ಲ." ಇದರ ಕೆಳಗೆ ಎಷ್ಟು ಮನೆ ಸಿಕ್ಕವು, ಎಷ್ಟು ಸಿಗಲಿಲ್ಲ, ಯಾಕೆ ಅಂತ ಒಂದು ಚಿಕ್ಕ ಕೋಷ್ಟಕ ಹಾಕಿ. ಪಟ್ಟಿ ಬೇರೆ ಕಡೆಯದಾಗಿದ್ದರೆ ಮೊದಲ ಸಾಲು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಿ. ಜನರ ಹೆಸರಿರುವ ಪಟ್ಟಿಯನ್ನು ಮಾತ್ರ ಪ್ರಬಂಧಕ್ಕೆ ಸೇರಿಸಬೇಡಿ, ಕ್ರಮಸಂಖ್ಯೆ ಸಾಕು.

ಫೈಲಿನ ಒಂದು ಪ್ರತಿಯನ್ನು ಮೊದಲ ಮನೆಗೆ ಹೋಗುವ ಮುಂಚೆಯೇ ಗೈಡ್‌ಗೆ ಮೇಲ್ ಮಾಡಿಬಿಡಿ, ಅದರ ಮೇಲೆ ತಾರೀಕು ತಾನಾಗಿ ಬೀಳುತ್ತದೆ. ಪಟ್ಟಿ ಎಲ್ಲಿಯದು ಅಂತ ಗೊತ್ತಾದ ಮೇಲೆ ನನಗೂ ಒಂದು ಸಾಲು ಬರೆಯಿರಿ. ನೀರಿನ ತೆರಿಗೆ ಪಟ್ಟಿಯೇ ಆಗಿದ್ದರೆ ಬಿಟ್ಟುಹೋದ ಮನೆಗಳನ್ನು ಸೇರಿಸುವುದು ಹೇಗೆ ಅಂತ ಕೂತು ನೋಡೋಣ.